ಹೃದಯಾಘಾತದ ನಂತರ ಪುನಶ್ಚೇತನ: ಕೇಂದ್ರವೋ, ಮನೆಯೋ, ಎರಡೂ ಸೇರಿದ ದಾರಿಯೋ

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಕೈಗೆ ಕೊಡುವ ಕಾಗದದಲ್ಲಿ ಮಾತ್ರೆಗಳ ಹೆಸರು, ಅವುಗಳ ಪ್ರಮಾಣ, ತೆಗೆದುಕೊಳ್ಳಬೇಕಾದ ಹೊತ್ತು ಎಲ್ಲವೂ ಸ್ಪಷ್ಟವಾಗಿ ನಮೂದಾಗಿರುತ್ತವೆ. ಅದೇ ಕಾಗದದ ಕೊನೆಯಲ್ಲಿ ‘ಲಘು ವ್ಯಾಯಾಮ ಮಾಡಿ, ನಡೆಯಿರಿ’ ಎಂಬ ಒಂದು ಸಾಲು ಇರುತ್ತದೆ. ಲಘು ಎಂದರೆ ಎಷ್ಟು, ಯಾವ ವೇಗದಲ್ಲಿ, ಎಷ್ಟು ಹೊತ್ತು, ಎದೆಯಲ್ಲಿ ಏನಾದರೂ ಹಿಡಿದಂತಾದರೆ ನಿಲ್ಲಬೇಕೋ ಮುಂದುವರಿಯಬೇಕೋ ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ. ‘ಮಾತ್ರೆಯನ್ನು ಸ್ವಲ್ಪ ನುಂಗಿ’ ಎಂದು ಯಾವ ವೈದ್ಯರೂ ಬರೆಯುವುದಿಲ್ಲ. ವ್ಯಾಯಾಮದ ವಿಷಯದಲ್ಲಿ ಮಾತ್ರ ಈ ಉದಾಸೀನ ನಡೆದುಹೋಗುತ್ತದೆ. ಆ ಒಂದು ಸಾಲಿನ ಹಿಂದೆ ಅಡಗಿರುವ ಆಯ್ಕೆಗಳು ಯಾವುವು, ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ. ಇದನ್ನು ಓದಿ ತೀರ್ಮಾನಿಸುವುದಕ್ಕಿಂತ, ಓದಿ ನಿಮ್ಮ ಹೃದ್ರೋಗ ತಜ್ಞರ ಮುಂದೆ ಸರಿಯಾದ ಪ್ರಶ್ನೆಗಳನ್ನು ಇಡುವುದು ಹೆಚ್ಚು ಉಪಯುಕ್ತ.

ಹೃದಯ ಪುನಶ್ಚೇತನ ಎಂದರೆ ವ್ಯಾಯಾಮವಷ್ಟೇ ಎಂದು ತಿಳಿಯುವವರೇ ಹೆಚ್ಚು. ಅಳತೆಯಿಟ್ಟು ಹೆಚ್ಚಿಸುತ್ತ ಹೋಗುವ ವ್ಯಾಯಾಮ ಅದರ ಬೆನ್ನೆಲುಬು ನಿಜ. ಆದರೆ ಔಷಧಗಳನ್ನು ಬಿಡದೆ ತೆಗೆದುಕೊಳ್ಳುವಂತೆ ಮಾಡುವುದು, ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಸಕ್ಕರೆಯ ಮಟ್ಟವನ್ನು ಹತೋಟಿಗೆ ತರುವುದು, ತಂಬಾಕನ್ನು ಬಿಡಿಸುವುದು, ಮನಸ್ಸಿನ ಕುಸಿತವನ್ನು ಗುರುತಿಸುವುದು, ಕೆಲಸಕ್ಕೆ ಮರಳಲು ಅಣಿಗೊಳಿಸುವುದು ಇವೆಲ್ಲವೂ ಅದರ ಭಾಗಗಳೇ. ಇದರ ಲಾಭವನ್ನು ಅಳೆದೂ ನೋಡಲಾಗಿದೆ. ಹೃದಯದ ರಕ್ತನಾಳಗಳ ಕಾಯಿಲೆಯಿರುವ 14,486 ಜನರನ್ನು ಒಳಗೊಂಡ 63 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯ ಪ್ರಕಾರ, ವ್ಯಾಯಾಮ ಆಧಾರಿತ ಪುನಶ್ಚೇತನ ಪಡೆದವರಲ್ಲಿ ಹೃದಯ ಸಂಬಂಧಿ ಸಾವಿನ ಪ್ರಮಾಣ ಶೇಕಡಾ 10.4ರಿಂದ 7.6ಕ್ಕೂ, ಮತ್ತೆ ಆಸ್ಪತ್ರೆ ಸೇರುವ ಪ್ರಮಾಣ ಶೇಕಡಾ 30.7ರಿಂದ 26.1ಕ್ಕೂ ಇಳಿದಿತ್ತು. ಎಲ್ಲ ಕಾರಣಗಳಿಂದಾಗುವ ಒಟ್ಟು ಸಾವಿನ ಪ್ರಮಾಣದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಪುನಶ್ಚೇತನವನ್ನು ಹೊಗಳುವ ಕರಪತ್ರಗಳಲ್ಲಿ ಈ ಮಾತು ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಇವೆಲ್ಲಕ್ಕೂ ಹಿಂದೆ ಇನ್ನೊಂದು ಆಯ್ಕೆ ಸದ್ದಿಲ್ಲದೆ ನಿಂತಿರುತ್ತದೆ: ಏನನ್ನೂ ಮಾಡದೆ ‘ವಿಶ್ರಾಂತಿ’ಯಲ್ಲಿರುವುದು. ಮನೆಯವರ ಪ್ರೀತಿಯೂ ರೋಗಿಯ ಭಯವೂ ಕೂಡಿದಾಗ ಗೆಲ್ಲುವುದು ಹೆಚ್ಚಾಗಿ ಇದೇ. 1802ರಲ್ಲೇ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಅವರ ಬರಹದಲ್ಲಿ, ಎದೆನೋವಿನ ರೋಗಿಯೊಬ್ಬ ದಿನವೂ ಅರ್ಧ ಗಂಟೆ ಮರ ಕೊಯ್ದು ಬಹುಪಾಲು ಗುಣವಾದ ಪ್ರಸಂಗ ದಾಖಲಾಗಿತ್ತು. ಆದರೂ ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. 1952ರಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ಅಮೆರಿಕದ ವೈದ್ಯರು ರೋಗಿಗಳನ್ನು ಬೇಗನೆ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಸಾಹಸವಾಗಿತ್ತು. ಡಲ್ಲಾಸ್‌ನಲ್ಲಿ 1966ರಲ್ಲಿ ಐವರು ಆರೋಗ್ಯವಂತ ತರುಣರನ್ನು 20 ದಿನ ಹಾಸಿಗೆಯಲ್ಲಿ ಮಲಗಿಸಿದಾಗ, ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಅದೇ ಐವರನ್ನು ಮೂವತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ಮುಪ್ಪು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರಗಳ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚಾಗಿತ್ತು ಎಂದು ಕಂಡುಬಂತು. ಹೀಗಾಗಿ ಬರೀ ವಿಶ್ರಾಂತಿಯನ್ನು ಈ ಹೋಲಿಕೆಯಿಂದ ಇಲ್ಲಿಯೇ ಕೈಬಿಡುತ್ತೇನೆ.

ಆಯ್ಕೆಗೂ ಮೊದಲು ಅಳತೆ

ಯಾವ ದಾರಿ ಎಂದು ನಿರ್ಧರಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ವ್ಯಾಯಾಮ ಮಾಡುವಾಗ ನಿಮ್ಮ ಹೃದಯವನ್ನು ಯಾರಾದರೂ ಗಮನಿಸುತ್ತಿರಬೇಕಾದ ಅಗತ್ಯ ಇದೆಯೇ? ಎಂಟನೇ ವಾರದಲ್ಲೂ ನೀವು ಇದನ್ನು ಮಾಡುತ್ತಿರುತ್ತೀರಾ? ಮೊದಲನೆಯದಕ್ಕೆ ವೈದ್ಯರು ಉತ್ತರಿಸಬೇಕು, ಎರಡನೆಯದಕ್ಕೆ ನೀವೇ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು. ಜಾಹೀರಾತುಗಳು ಹೋಲಿಸುವ ಯಂತ್ರಗಳು, ಆ್ಯಪ್‌ಗಳು, ಕೈಗಡಿಯಾರಗಳು ಎಲ್ಲವೂ ಈ ಎರಡರ ನಂತರ ಬರುವ ಸಂಗತಿಗಳು.

ಹೃದಯದ ಎಡ ಹೃತ್ಕುಕ್ಷಿ ಪ್ರತಿ ಬಡಿತದಲ್ಲಿ ಹೊರದೂಡುವ ರಕ್ತದ ಪ್ರಮಾಣ, ಅಂದರೆ ಎಕೋ ವರದಿಯಲ್ಲಿ ಇಎಫ್ ಎಂದು ಬರೆದಿರುವ ಸಂಖ್ಯೆ, ಶೇಕಡಾ 40ಕ್ಕಿಂತ ಕಡಿಮೆಯಿದ್ದವರು, ಹೃದಯ ಸ್ತಂಭನದಿಂದ ಬದುಕುಳಿದವರು, ಸ್ವಲ್ಪ ಶ್ರಮಕ್ಕೇ ಎದೆನೋವು ಬರುವವರು, ವ್ಯಾಯಾಮದ ನಡುವೆ ರಕ್ತದೊತ್ತಡ ಏರುವ ಬದಲು ಇಳಿಯುವವರು, ಅಪಾಯಕಾರಿ ಲಯದೋಷ ಕಾಣಿಸಿಕೊಂಡವರು ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಇನ್ನು ಕೆಲವರು ಸದ್ಯಕ್ಕೆ ಯಾವ ಕಾರ್ಯಕ್ರಮವನ್ನೂ ಆರಂಭಿಸುವಂತಿಲ್ಲ: ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬರುತ್ತಿರುವವರು, ಹತೋಟಿಗೆ ಬಾರದ ಲಯದೋಷ ಅಥವಾ ಹೃದಯ ವೈಫಲ್ಯ ಇರುವವರು, ರೋಗಲಕ್ಷಣಗಳನ್ನು ತೋರುತ್ತಿರುವ ತೀವ್ರ ಮಹಾಪಧಮನಿ ಕವಾಟದ ಸಂಕೋಚನ ಇರುವವರು, ಹೃದಯದ ಸ್ನಾಯುವಿನಲ್ಲೋ ಹೊರಪೊರೆಯಲ್ಲೋ ಉರಿಯೂತವಿರುವವರು, ಕುಳಿತಿರುವಾಗಲೇ ರಕ್ತದೊತ್ತಡ 180/110 ದಾಟಿರುವವರು. ಇವರಿಗೆ ಮೊದಲು ಚಿಕಿತ್ಸೆ, ಆಮೇಲೆ ಪುನಶ್ಚೇತನ.

ಸಾಮರ್ಥ್ಯವನ್ನು ಅಳೆಯಲು ಟ್ರೆಡ್‌ಮಿಲ್ ಪರೀಕ್ಷೆಯೇ ಆಗಬೇಕೆಂದಿಲ್ಲ. ಆರು ನಿಮಿಷಗಳ ನಡಿಗೆ ಪರೀಕ್ಷೆ ಎಂಬುದೊಂದಿದೆ. ನೋಡಲು ಮಕ್ಕಳಾಟದಂತಿದ್ದರೂ ಅದರಷ್ಟು ನೇರವಾಗಿ ಮಾತನಾಡುವ ಪರೀಕ್ಷೆ ಇನ್ನೊಂದಿಲ್ಲ. 30 ಮೀಟರ್ ಉದ್ದದ ಮೊಗಸಾಲೆಯ ಎರಡೂ ತುದಿಗಳಲ್ಲಿ ಒಂದೊಂದು ಶಂಕು ಇಟ್ಟಿರುತ್ತಾರೆ, ಪಕ್ಕದಲ್ಲಿ ಒಂದು ಕುರ್ಚಿ. ಆರು ನಿಮಿಷಗಳಲ್ಲಿ ಎಷ್ಟು ದೂರ ಸಾಧ್ಯವೋ ಅಷ್ಟು ನಡೆಯಬೇಕು, ಓಡುವಂತಿಲ್ಲ. ಸುಸ್ತಾದರೆ ಗೋಡೆಗೊರಗಿ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಪರೀಕ್ಷಿಸುವವರು ಜೊತೆಯಲ್ಲಿ ಹೆಜ್ಜೆ ಹಾಕುವುದಿಲ್ಲ, ಹಾಕಿದರೆ ರೋಗಿ ಅವರ ವೇಗಕ್ಕೆ ಹೊಂದಿಕೊಂಡುಬಿಡುತ್ತಾನೆ. ನಿಮಿಷಕ್ಕೊಮ್ಮೆ ‘ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಇಷ್ಟು ನಿಮಿಷ ಉಳಿದಿದೆ’ ಎಂದಷ್ಟೇ ಒಂದೇ ದನಿಯಲ್ಲಿ ಹೇಳುತ್ತಾರೆ. ಮೊದಲ ಎರಡು ಸುತ್ತಿನಲ್ಲಿ ರೋಗಿ ತನಗೇನೂ ಆಗಿಲ್ಲವೆಂದು ತೋರಿಸುವ ಹುಮ್ಮಸ್ಸಿನಲ್ಲಿ ಬೀಸುಗಾಲು ಹಾಕುತ್ತಾನೆ, ನಾಲ್ಕನೆಯ ಸುತ್ತಿಗೆ ಮಾತು ನಿಲ್ಲುತ್ತದೆ, ಆರನೆಯದಕ್ಕೆ ಕೈ ಗೋಡೆಯನ್ನು ಹುಡುಕುತ್ತದೆ. ಆ ದಿನ ಕಾಗದದ ಮೇಲೆ ಬರೆದ ಮೀಟರ್‌ಗಳ ಸಂಖ್ಯೆಯನ್ನು ಜೋಪಾನವಾಗಿಟ್ಟುಕೊಳ್ಳಿ.

ಕೇಂದ್ರದಲ್ಲಿ ಮಾಡುವ ಪುನಶ್ಚೇತನ

ಆಸ್ಪತ್ರೆಗೆ ಹೊಂದಿಕೊಂಡ ಕೇಂದ್ರಕ್ಕೆ ವಾರಕ್ಕೆ ಎರಡು ಅಥವಾ ಮೂರು ಬಾರಿ ಹೋಗಿ, ತರಬೇತಿ ಪಡೆದವರ ಎದುರಿನಲ್ಲಿ ವ್ಯಾಯಾಮ ಮಾಡುವುದು ಹಳೆಯ, ಹೆಚ್ಚು ಪರೀಕ್ಷೆಗೊಳಗಾದ ಕ್ರಮ. ಕಾರ್ಯಕ್ರಮದ ಒಟ್ಟು ಕಾಲ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ವಾಡಿಕೆಯ ಲೆಕ್ಕ 36 ಅವಧಿಗಳು, ವಾರಕ್ಕೆ ಮೂರರಂತೆ 12 ವಾರ. ಮೊದಲ ಕೆಲವು ದಿನ ಎದೆಗೆ ಇಸಿಜಿಯ ತಂತಿಗಳನ್ನು ಅಂಟಿಸಿ ಹೃದಯದ ಲಯವನ್ನು ಪರದೆಯ ಮೇಲೆ ನೋಡುತ್ತಾರೆ. ವ್ಯಾಯಾಮಕ್ಕೆ ಮುನ್ನ, ನಡುವೆ ಮತ್ತು ನಂತರ ರಕ್ತದೊತ್ತಡ ಅಳೆಯುತ್ತಾರೆ. ಹೃದಯ ಸ್ತಂಭನವಾದರೆ ವಿದ್ಯುತ್ ಆಘಾತ ಕೊಟ್ಟು ಲಯವನ್ನು ಮರಳಿಸುವ ಡಿಫಿಬ್ರಿಲೇಟರ್ ಯಂತ್ರ ಕೈಗೆಟಕುವಲ್ಲಿ ಇರುತ್ತದೆ. ಅದನ್ನು ಬಳಸುವ ಸಂದರ್ಭ ತೀರ ಅಪರೂಪ ಎಂಬುದು ದಶಕಗಳ ದಾಖಲೆಗಳಿಂದ ತಿಳಿದಿದೆ. ಆದರೂ ಅದು ಅಲ್ಲಿದೆ ಎಂಬ ಅರಿವು ರೋಗಿಯ ಕಾಲಿಗೆ ಕೊಡುವ ಧೈರ್ಯ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಕೇಂದ್ರದ ನಿಜವಾದ ಬಲ ಯಂತ್ರಗಳಲ್ಲಿದೆ ಎಂದು ನನಗನ್ನಿಸುವುದಿಲ್ಲ. ಪಕ್ಕದ ಸೈಕಲ್‌ನಲ್ಲಿ ಆರು ವಾರಗಳ ಹಿಂದೆ ಇದೇ ಸ್ಥಿತಿಯಲ್ಲಿದ್ದ ಇನ್ನೊಬ್ಬರು ಕುಳಿತು ನಗುತ್ತ ಪೆಡಲ್ ತುಳಿಯುತ್ತಿರುವುದನ್ನು ಕಾಣುವುದು, ಹೊಸ ಮಾತ್ರೆಯಿಂದ ತಲೆ ಸುತ್ತುತ್ತಿದೆ ಎಂಬುದನ್ನು ಮುಂದಿನ ತಿಂಗಳ ಭೇಟಿಯವರೆಗೆ ಕಾಯದೆ ಅಂದೇ ಹೇಳಲು ಸಾಧ್ಯವಾಗುವುದು, ಸುಳ್ಳು ಹೇಳಿದರೆ ಹಿಡಿಯುವ ಒಬ್ಬರು ಎದುರಿಗಿರುವುದು, ಇವೇ ಅದರ ಬಲ. ‘ಎಷ್ಟು ಕಷ್ಟವಾಗುತ್ತಿದೆ?’ ಎಂದು ಕೇಳಿದಾಗ ಹಣೆಯಿಂದ ಬೆವರಿಳಿಯುತ್ತಿದ್ದರೂ ‘ಏನೂ ಇಲ್ಲ’ ಎನ್ನುವವರು ಬಹಳ. ಮನೆಯಲ್ಲಿ ಆ ಉತ್ತರವೇ ಕೊನೆಯ ಮಾತು. ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಮೌನವಾಗಿ ಟ್ರೆಡ್‌ಮಿಲ್‌ನ ವೇಗವನ್ನು ಇಳಿಸುತ್ತಾರೆ.

ಅದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಹೋಗಿಬರುವ ದೂರ, ಕರೆದುಕೊಂಡು ಹೋಗುವವರ ಬಿಡುವು, ಕೆಲಸದ ವೇಳೆ, ಮನೆಯಲ್ಲಿ ಇನ್ನೊಬ್ಬರನ್ನು ನೋಡಿಕೊಳ್ಳುವ ಹೊಣೆ ಇವುಗಳಿಂದಾಗಿ ಜನ ನಡುವೆಯೇ ಬಿಟ್ಟುಬಿಡುತ್ತಾರೆ. ಹಲವು ದೇಶಗಳಲ್ಲಿ ಅರ್ಹರಾದವರಲ್ಲಿ ಅರ್ಧದಷ್ಟು ಜನರೂ ಸೇರುವುದಿಲ್ಲ; ಮಹಿಳೆಯರು ಮತ್ತು ವಯಸ್ಸಾದವರು ಇನ್ನೂ ಕಡಿಮೆ. ಅಮೆರಿಕದ 30,161 ಹಿರಿಯ ರೋಗಿಗಳ ದಾಖಲೆಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 36 ಅವಧಿಗಳಿಗೂ ಹಾಜರಾದವರಲ್ಲಿ ಸಾವಿನ ಅಪಾಯ 24ಕ್ಕೆ ನಿಲ್ಲಿಸಿದವರಿಗಿಂತ ಶೇಕಡಾ 14ರಷ್ಟೂ, 12ಕ್ಕೆ ನಿಲ್ಲಿಸಿದವರಿಗಿಂತ ಶೇಕಡಾ 22ರಷ್ಟೂ ಕಡಿಮೆಯಿತ್ತು. ತುಸು ಆರೋಗ್ಯವಂತರೇ ಕೊನೆಯವರೆಗೂ ಬಂದಿರುವ ಸಾಧ್ಯತೆ ಇಂಥ ಲೆಕ್ಕದಲ್ಲಿ ಯಾವಾಗಲೂ ಇರುತ್ತದೆ. ಹಾಗಿದ್ದರೂ, ಐದು ಬಾರಿ ಹೋಗಿ ಬಿಡುವ ಅತ್ಯುತ್ತಮ ಕೇಂದ್ರಕ್ಕಿಂತ ಹನ್ನೆರಡು ವಾರ ನಡೆಯುವ ಸಾಧಾರಣ ಕ್ರಮವೇ ಮೇಲು ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಮನೆಯಲ್ಲಿ ಮಾಡುವ ಪುನಶ್ಚೇತನ

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಮನೆಯಲ್ಲಿ ನಡೆಯುವ ಪುನಶ್ಚೇತನ ಎಂದರೆ ಬಿಡುಗಡೆಯ ಕಾಗದದ ಕೊನೆಯ ಸಾಲನ್ನು ತಮಗೆ ತೋಚಿದಂತೆ ಪಾಲಿಸುವುದಲ್ಲ. ಆರಂಭದಲ್ಲಿ ಪರೀಕ್ಷೆ, ಬರೆದುಕೊಟ್ಟ ಗುರಿ, ದಿನಚರಿಯ ಪುಸ್ತಕ, ವಾರಕ್ಕೊಮ್ಮೆ ಫೋನ್ ಅಥವಾ ವಿಡಿಯೋ ಕರೆ, ಗುರಿಯನ್ನು ಬದಲಿಸುವ ಒಬ್ಬ ತಜ್ಞ ಇಷ್ಟೂ ಇದ್ದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಹೀಗೆ ನಡೆಸಿದ ಕಾರ್ಯಕ್ರಮಗಳನ್ನು ಕೇಂದ್ರದ ಕಾರ್ಯಕ್ರಮಗಳೊಂದಿಗೆ ಹೋಲಿಸಿದ 23 ಅಧ್ಯಯನಗಳ, 2,890 ಜನರ ಕಾಕ್ರೇನ್ ವಿಮರ್ಶೆ 2017ರಲ್ಲಿ ಪ್ರಕಟವಾಯಿತು. ಸಾವು, ವ್ಯಾಯಾಮದ ಸಾಮರ್ಥ್ಯ, ಜೀವನದ ಗುಣಮಟ್ಟ ಯಾವುದರಲ್ಲೂ ಒಂದು ವರ್ಷದವರೆಗೆ ಗಣನೀಯ ಅಂತರ ಕಾಣಲಿಲ್ಲ. ಕಾರ್ಯಕ್ರಮವನ್ನು ಪೂರ್ತಿಗೊಳಿಸುವುದರಲ್ಲಿ ಮನೆಯಲ್ಲಿ ಮಾಡಿದವರೇ ಕೂದಲೆಳೆಯಷ್ಟು ಮುಂದಿದ್ದರು. ಆದರೆ ಆ ಅಧ್ಯಯನಗಳಿಗೆ ಸೇರಿದ್ದವರಲ್ಲಿ ಬಹುಪಾಲು ಜನ ಕಡಿಮೆ ಅಥವಾ ಮಧ್ಯಮ ಅಪಾಯದವರಾಗಿದ್ದರು. ಹೆಚ್ಚಿನ ಅಪಾಯದ ಗುಂಪಿನವರು ಈ ಫಲಿತಾಂಶವನ್ನು ತಮಗೂ ಅನ್ವಯಿಸಿಕೊಳ್ಳುವುದು ಸರಿಯಲ್ಲ.

ಮನೆಯಲ್ಲಿ ಮಾಡುವವರಿಗೆ ಎದುರಾಗುವ ಮೊದಲ ತೊಡಕು ವೇಗದ್ದು. ‘220ರಿಂದ ವಯಸ್ಸನ್ನು ಕಳೆಯಿರಿ, ಅದರ ಶೇಕಡಾ 80’ ಎಂಬ ಸೂತ್ರ ಎಲ್ಲೆಡೆ ಸಿಗುತ್ತದೆ. ಹೃದಯಾಘಾತದ ನಂತರ ಅದು ದಾರಿ ತಪ್ಪಿಸುತ್ತದೆ. 58 ವರ್ಷದ ಒಬ್ಬರು ಹೃದಯ ಬಡಿತದ ವೇಗವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎನ್ನೋಣ. ಸೂತ್ರದ ಪ್ರಕಾರ ಅವರ ಗರಿಷ್ಠ ನಾಡಿ 162, ಅದರ ಶೇಕಡಾ 80 ಎಂದರೆ ಸುಮಾರು 130. ಆದರೆ ಅದೇ ಮಾತ್ರೆಯ ಪ್ರಭಾವದಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದಾಗ ಅವರು ಕಷ್ಟಪಟ್ಟು ಮುಟ್ಟಿದ್ದೇ 128. ಅಂದರೆ ಸೂತ್ರವು ಅವರ ನಿಜವಾದ ಮಿತಿಯ ಆಚೆಗೇ ಗುರಿ ಇಟ್ಟಿದೆ. ಸರಿಯಾದ ಲೆಕ್ಕ ಹೀಗೆ: ವಿಶ್ರಾಂತಿಯ ನಾಡಿ 68, ಪರೀಕ್ಷೆಯಲ್ಲಿ ಕಂಡ ಗರಿಷ್ಠ 128, ನಡುವಿನ ಅಂತರ 60, ಅದರ ಶೇಕಡಾ 40 ಎಂದರೆ 24, ಶೇಕಡಾ 70 ಎಂದರೆ 42. ಇವನ್ನು 68ಕ್ಕೆ ಕೂಡಿಸಿದರೆ ಗುರಿ 92ರಿಂದ 110. ಸೂತ್ರದ 130ಕ್ಕೂ ಇದಕ್ಕೂ ಎಷ್ಟು ಅಂತರ ಎಂಬುದನ್ನು ನೋಡಿ.

ನಾಡಿ ಎಣಿಸುವುದು ಒಗ್ಗದವರಿಗೆ ಸ್ವೀಡನ್‌ನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಶ್ರಮದ ಅಳತೆಗೋಲು ಇದೆ. ಅದರಲ್ಲಿ 11 ಎಂದರೆ ಹಗುರ, 13 ಎಂದರೆ ಸ್ವಲ್ಪ ಕಷ್ಟ, 17 ಎಂದರೆ ಬಹಳ ಕಷ್ಟ. ಪುನಶ್ಚೇತನದಲ್ಲಿ ಸಾಮಾನ್ಯವಾಗಿ 11ರಿಂದ 14ರೊಳಗೆ ಇರಬೇಕು. ಅದನ್ನೂ ನೆನಪಿಡಲಾಗದಿದ್ದರೆ ಮಾತಿನ ಪರೀಕ್ಷೆಯೇ ಸಾಕು: ನಡೆಯುತ್ತ ಪೂರ್ತಿ ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು.

ಎರಡನೆಯ ತೊಡಕು ಆರಂಭ ಮತ್ತು ಅಂತ್ಯದ್ದು. ಕೇಂದ್ರದಲ್ಲಿ 15 ನಿಮಿಷ ಮೈ ಬಿಸಿಮಾಡಿಕೊಳ್ಳುವುದನ್ನೂ ಕೊನೆಯಲ್ಲಿ 10 ನಿಮಿಷ ನಿಧಾನವಾಗಿ ಇಳಿಸುವುದನ್ನೂ ಯಾರೂ ತಪ್ಪಿಸಲು ಬಿಡುವುದಿಲ್ಲ. ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಇವಕ್ಕೇ. ವೇಗವಾಗಿ ನಡೆಯುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ಕಾಲಿನ ಸ್ನಾಯುಗಳ ಒತ್ತುವಿಕೆಯೇ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಒತ್ತಡ ಕುಸಿಯುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಎರಡೂ ಸೇರಿದ ಕ್ರಮ

ಮೊದಲ ಕೆಲವು ವಾರ ಕೇಂದ್ರದಲ್ಲಿ ಕಲಿತು, ಮುಂದಿನದನ್ನು ಫೋನ್ ನಿಗಾದಲ್ಲಿ ಮನೆಯಲ್ಲಿ ನಡೆಸುವ ಮಿಶ್ರ ಕ್ರಮವೇ ಮಧ್ಯಮ ಅಪಾಯದ ಹೆಚ್ಚಿನವರಿಗೆ ಸೂಕ್ತ ಎಂಬುದು ನನ್ನ ಅಭಿಪ್ರಾಯ. ನಾಡಿ ಎಣಿಸುವುದು, 13 ಎಂಬ ಶ್ರಮ ಮೈಯಲ್ಲಿ ಹೇಗಿರುತ್ತದೆ ಎಂದು ಗುರುತಿಸುವುದು, ಭಯವನ್ನೂ ನಿಜವಾದ ಎದೆನೋವನ್ನೂ ಬೇರ್ಪಡಿಸುವುದು ಇವನ್ನು ಕಾಗದದಿಂದ ಕಲಿಯುವುದು ಕಷ್ಟ, ಎದುರಿಗಿದ್ದವರಿಂದ ಆರೇಳು ಅವಧಿಗಳಲ್ಲಿ ಕಲಿಯಬಹುದು. ಎರಡೂ ಕಡೆ ಕೈ ತೊಳೆದುಕೊಳ್ಳುವ ಅಪಾಯ ಮಾತ್ರ ಇದರಲ್ಲಿದೆ: ಕೇಂದ್ರದವರು ‘ಮನೆಗೆ ಕಳಿಸಿದ್ದೇವೆ’ ಎನ್ನುತ್ತಾರೆ, ಮನೆಯವರು ‘ಕೇಂದ್ರದವರು ನೋಡಿಕೊಳ್ಳುತ್ತಾರೆ’ ಎನ್ನುತ್ತಾರೆ. ಫೋನ್ ಯಾರು ಮಾಡಬೇಕು, ಯಾವ ದಿನ ಎಂಬುದನ್ನು ಬರೆದಿಟ್ಟುಕೊಳ್ಳದೆ ಈ ಕ್ರಮವನ್ನು ಒಪ್ಪಿಕೊಳ್ಳಬೇಡಿ.

ಸಮವೇಗವೋ, ಏರಿಳಿತವೋ

ಇತ್ತೀಚಿನ ವರ್ಷಗಳಲ್ಲಿ ತೀವ್ರ ಮಧ್ಯಂತರ ವ್ಯಾಯಾಮದ ಬಗ್ಗೆ ಬಹಳ ಮಾತು ಕೇಳಿಬರುತ್ತದೆ. ನಾಲ್ಕು ನಿಮಿಷ ಗರಿಷ್ಠ ನಾಡಿಯ ಶೇಕಡಾ 85ರಿಂದ 95ರಷ್ಟು ತೀವ್ರತೆಯಲ್ಲಿ, ಆಮೇಲೆ ಮೂರು ನಿಮಿಷ ನಿಧಾನವಾಗಿ, ಹೀಗೆ ನಾಲ್ಕು ಸುತ್ತು ಎಂಬುದು ನಾರ್ವೆಯಿಂದ ಹಬ್ಬಿದ ಹೆಸರಾಂತ ಕ್ರಮ. 2007ರಲ್ಲಿ ಹೃದಯ ವೈಫಲ್ಯದ 27 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಆಮ್ಲಜನಕ ಬಳಕೆಯ ಸಾಮರ್ಥ್ಯ ಈ ಕ್ರಮದಿಂದ ಶೇಕಡಾ 46ರಷ್ಟೂ, ಸಮವೇಗದ ವ್ಯಾಯಾಮದಿಂದ ಶೇಕಡಾ 14ರಷ್ಟೂ ಹೆಚ್ಚಿದ್ದು ದೊಡ್ಡ ಸುದ್ದಿಯಾಯಿತು. ಆದರೆ ರಕ್ತನಾಳದ ಕಾಯಿಲೆಯ 200 ಜನರಲ್ಲಿ ಬೆಲ್ಜಿಯಂನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಹೃದಯ ವೈಫಲ್ಯದವರಲ್ಲಿ ಹಲವು ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಎರಡರ ನಡುವೆ ಆ ಅಂತರ ಕಾಣಲಿಲ್ಲ. ತೀವ್ರವಾಗಿ ಮಾಡಬೇಕಾದವರು ಅಷ್ಟು ತೀವ್ರವಾಗಿ ಮಾಡಲಿಲ್ಲ, ಸಮವೇಗದವರು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದರು, ಮನುಷ್ಯರು ಹಾಗೆಯೇ.

ಸುರಕ್ಷತೆಯ ಲೆಕ್ಕವೂ ಇದೆ. ನಾರ್ವೆಯ ಮೂರು ಕೇಂದ್ರಗಳ 4,846 ರೋಗಿಗಳ ದಾಖಲೆಯಲ್ಲಿ ಮಧ್ಯಮ ವ್ಯಾಯಾಮದ 1,29,456 ಗಂಟೆಗಳಿಗೆ ಒಂದು, ತೀವ್ರ ವ್ಯಾಯಾಮದ 23,182 ಗಂಟೆಗಳಿಗೆ ಒಂದು ಹೃದಯ ಸ್ತಂಭನ ಸಂಭವಿಸಿತ್ತು. ಎರಡೂ ಸೇರಿ ಒಟ್ಟು ಮೂರೇ ಘಟನೆಗಳಾದ್ದರಿಂದ ಇದರಿಂದ ದೊಡ್ಡ ತೀರ್ಮಾನ ಎಳೆಯಲಾಗದು. ಸ್ಥಿತಿ ಸ್ಥಿರವಾಗಿದ್ದು, ಕೇಂದ್ರದ ನಿಗಾದಲ್ಲಿದ್ದು, ಸಮವೇಗದ ನಡಿಗೆಯಿಂದ ಬೇಸರ ಹತ್ತಿದವರು ಇದನ್ನು ಆಯ್ದುಕೊಳ್ಳಬಹುದು. ಮನೆಯಲ್ಲಿ ಒಬ್ಬರೇ, ಆರಂಭದ ವಾರಗಳಲ್ಲಿ, ವಿಡಿಯೋ ನೋಡಿಕೊಂಡು ಮಾಡುವುದು ಸರ್ವಥಾ ಸಲ್ಲದು.

ನಡಿಗೆ, ಸೈಕಲ್, ತೂಕ, ಯೋಗ

ನಡಿಗೆ ಎಲ್ಲರಿಗೂ ಸಾಧ್ಯ, ಹೀಗಾಗಿ ಅದೇ ಬುನಾದಿ. ಮಂಡಿನೋವು ಇದ್ದವರಿಗೆ ಅಥವಾ ತಲೆಸುತ್ತುವ ಭಯವಿದ್ದವರಿಗೆ ಒಂದೇ ಕಡೆ ಇರುವ, ಕುಳಿತು ತುಳಿಯುವ ವ್ಯಾಯಾಮದ ಸೈಕಲ್ ಹೆಚ್ಚು ಸುರಕ್ಷಿತ. ಸಣ್ಣ ತೂಕಗಳನ್ನು ಎತ್ತುವ ವ್ಯಾಯಾಮವನ್ನು ಹೃದ್ರೋಗಿಗಳಿಗೆ ನಿಷಿದ್ಧ ಎಂದು ತಿಳಿಯುವ ಕಾಲ ಹೋಗಿದೆ. ಮಲಗಿದ್ದಾಗ ಕರಗಿದ ಸ್ನಾಯು ಮರಳಲು, ಕುರ್ಚಿಯಿಂದ ಕೈಯೂರದೆ ಏಳಲು ಅದು ಬೇಕೇ ಬೇಕು. 10ರಿಂದ 15 ಬಾರಿ ಆರಾಮವಾಗಿ ಎತ್ತಬಲ್ಲಷ್ಟು ಹಗುರವಾದ ತೂಕ ಇರಲಿ, ಎತ್ತುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಯೋಗದ ಬಗ್ಗೆ ಅಭಿಮಾನದ ಮಾತುಗಳಿಗಿಂತ ಗಟ್ಟಿಯಾದ ಆಧಾರ ಒಂದಿದೆ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಗ ಆಧಾರಿತ ಪುನಶ್ಚೇತನ ಪಡೆದವರು ತಮ್ಮ ಆರೋಗ್ಯ ಉತ್ತಮಗೊಂಡಿದೆ ಎಂದು ಹೇಳಿದರು, ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಮರಳಿದರು. ಸಾವು ಮತ್ತು ಮರು ಹೃದಯಾಘಾತದಂಥ ಘಟನೆಗಳಲ್ಲಿ ಮಾತ್ರ ಖಚಿತ ಇಳಿಕೆ ಸಾಬೀತಾಗಲಿಲ್ಲ. ಜಿಮ್‌ನ ವಾತಾವರಣ ಒಗ್ಗದವರನ್ನು ಕಾರ್ಯಕ್ರಮದಲ್ಲಿ ಉಳಿಸಿಕೊಳ್ಳಲು ಅದು ಒಳ್ಳೆಯ ದಾರಿ.

ಚಿಕಿತ್ಸೆಗೆ ತಕ್ಕಂತೆ

ಸ್ಟೆಂಟ್ ಹಾಕಿಸಿಕೊಂಡವರು ಬಹುಬೇಗ ನಡೆದಾಡುತ್ತಾರೆ. ಮಣಿಕಟ್ಟಿನ ರಕ್ತನಾಳದ ಮೂಲಕ ಅದನ್ನು ಹಾಕಿದ್ದರೆ ಕೆಲವು ದಿನ ಆ ಕೈಯಲ್ಲಿ ಭಾರ ಎತ್ತದಿದ್ದರೆ ಸಾಕು. ಇವರ ಕಷ್ಟ ಬೇರೆ: ಗಾಯವೇ ಕಾಣದ್ದರಿಂದ ತಮಗೆ ಪೂರ್ತಿ ಗುಣವಾಯಿತೆಂದು ನಂಬಿ ಪುನಶ್ಚೇತನಕ್ಕೂ ಹೋಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನೂ ನಡುವೆ ನಿಲ್ಲಿಸುತ್ತಾರೆ. ಆ ಮಾತ್ರೆಯನ್ನು ವೈದ್ಯರ ಅನುಮತಿಯಿಲ್ಲದೆ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು.

ಬೈಪಾಸ್ ಆದವರ ಲೆಕ್ಕ ಎದೆಮೂಳೆಯ ಮೇಲೆ ನಿಂತಿದೆ. ಸೀಳಿ ತಂತಿಯಿಂದ ಬಿಗಿದ ಆ ಮೂಳೆ ಗಟ್ಟಿಯಾಗಿ ಕೂಡಿಕೊಳ್ಳಲು 8ರಿಂದ 12 ವಾರ ಬೇಕು. ಅಲ್ಲಿಯವರೆಗೆ ನಾಲ್ಕೈದು ಕಿಲೋಗಿಂತ ಹೆಚ್ಚು ಭಾರ ಎತ್ತುವುದಕ್ಕೆ, ಕೈಯೂರಿ ಏಳುವುದಕ್ಕೆ ಸಾಮಾನ್ಯವಾಗಿ ತಡೆ ಇರುತ್ತದೆ. ಕೆಮ್ಮು ಬಂದಾಗ ದಿಂಬನ್ನು ಎದೆಗವಚಿಕೊಳ್ಳಬೇಕು. ಹಾಗೆಂದು ಭುಜವನ್ನೇ ಅಲ್ಲಾಡಿಸದೆ ಕುಳಿತರೆ ಅದು ಬಿಗಿದು ಇನ್ನೊಂದು ತೊಂದರೆ ಹುಟ್ಟುತ್ತದೆ. ಮೊಣಕೈಗಳನ್ನು ಪಕ್ಕೆಗೆ ತಾಗಿಸಿಕೊಂಡು ಮಾಡುವ ಚಲನೆಗಳಿಂದ ಮೂಳೆಯ ಮೇಲೆ ಎಳೆತ ಕಡಿಮೆ ಎಂಬ ಹೊಸ ತಿಳಿವಳಿಕೆಯಿಂದ ಹಳೆಯ ನಿರ್ಬಂಧಗಳು ಹಲವೆಡೆ ಸಡಿಲವಾಗಿವೆ. ಎದೆಮೂಳೆಯಲ್ಲಿ ‘ಕಟ್’ ಎಂಬ ಸದ್ದು, ಗಾಯದಿಂದ ಸೋರಿಕೆ, ಜ್ವರ ಇವು ಕಂಡರೆ ವ್ಯಾಯಾಮ ನಿಲ್ಲಿಸಿ ಶಸ್ತ್ರಚಿಕಿತ್ಸಕರನ್ನು ಕಾಣಿ.

ಹೃದಯ ವೈಫಲ್ಯದವರು ಪ್ರತಿದಿನ ಬೆಳಗ್ಗೆ ತೂಕ ನೋಡಿಕೊಳ್ಳಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಿದರೆ ಅದು ಮೈಯಲ್ಲಿ ತುಂಬಿದ ನೀರು, ಅಂದು ವ್ಯಾಯಾಮಕ್ಕಿಂತ ವೈದ್ಯರ ಕರೆ ಮುಖ್ಯ. 2009ರಲ್ಲಿ ಪ್ರಕಟವಾದ 2,331 ರೋಗಿಗಳ ಅಧ್ಯಯನ ಇವರಿಗೆ ವ್ಯಾಯಾಮ ಸುರಕ್ಷಿತ, ಲಾಭ ಸಾಧಾರಣ ಎಂದು ತೋರಿಸಿತು. ಎದೆಯಲ್ಲಿ ಐಸಿಡಿ (ಅಪಾಯಕಾರಿ ಲಯದೋಷವನ್ನು ಗುರುತಿಸಿ ತಾನೇ ಶಾಕ್ ಕೊಟ್ಟು ಸರಿಪಡಿಸುವ) ಯಂತ್ರ ಅಳವಡಿಸಿಕೊಂಡವರು ಅದು ಎಷ್ಟು ಬಡಿತಕ್ಕೆ ಎಚ್ಚೆತ್ತುಕೊಳ್ಳುತ್ತದೆ ಎಂಬ ಸಂಖ್ಯೆಯನ್ನು ಕೇಳಿ ತಿಳಿದು, ನಾಡಿಯನ್ನು ಅದಕ್ಕಿಂತ 10ರಿಂದ 20 ಬಡಿತ ಕೆಳಗಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ವೇಗದ ನಡಿಗೆಯನ್ನೇ ಅದು ಲಯದೋಷವೆಂದು ಭ್ರಮಿಸಿ ಶಾಕ್ ಕೊಡಬಹುದು.

ಯಾರೂ ಕೇಳದ ಪ್ರಶ್ನೆಗಳು

ಹೃದಯಾಘಾತವಾದವರಲ್ಲಿ ಐವರಿಗೆ ಒಬ್ಬರಂತೆ ಖಿನ್ನತೆ ಕಾಡುತ್ತದೆ, ಖಿನ್ನತೆಯಿರುವವರು ಪುನಶ್ಚೇತನವನ್ನು ಮೊದಲು ಬಿಡುವವರೂ ಹೌದು. ರಾತ್ರಿ ಮಲಗಿದಾಗ ತನ್ನ ಎದೆಬಡಿತವನ್ನೇ ಆಲಿಸುತ್ತ ನಿದ್ದೆಗೆಡುವವರಿಗೆ ಇದು ‘ಸಹಜ’ ಎಂದು ಹೇಳಿ ಕಳಿಸುವ ಕಾರ್ಯಕ್ರಮಕ್ಕಿಂತ, ಮನಸ್ಸಿನ ಸ್ಥಿತಿಯನ್ನು ಪ್ರಶ್ನಾವಳಿಯಿಂದ ಅಳೆದು ಆಪ್ತಸಮಾಲೋಚನೆ ಒದಗಿಸುವ ಕಾರ್ಯಕ್ರಮ ಉತ್ತಮ. ದಾಂಪತ್ಯದ ವಿಷಯವನ್ನು ರೋಗಿಯೂ ಕೇಳುವುದಿಲ್ಲ, ವೈದ್ಯರೂ ಎತ್ತುವುದಿಲ್ಲ. ಎದೆನೋವಾಗಲಿ ವಿಪರೀತ ಏದುಸಿರಾಗಲಿ ಇಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತಬಲ್ಲವರಿಗೆ ಸಾಮಾನ್ಯವಾಗಿ ಲೈಂಗಿಕ ಸಂಪರ್ಕ ಅಪಾಯಕರವಲ್ಲ. ಆದರೆ ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆ ಬಳಸುವವರು ಲೈಂಗಿಕ ದೌರ್ಬಲ್ಯಕ್ಕೆ ಬಳಸುವ ಸಿಲ್ಡೆನಫಿಲ್ ಗುಂಪಿನ ಔಷಧಗಳನ್ನು ತೆಗೆದುಕೊಂಡರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು.

ಯಾವ ಕ್ರಮವನ್ನೇ ಆರಿಸಿಕೊಂಡರೂ ನಿಲ್ಲಿಸುವ ನಿಯಮ ಒಂದೇ. ಎದೆಯಲ್ಲಿ ಒತ್ತಿದಂತೆ ಅಥವಾ ಹಿಂಡಿದಂತೆ ಆಗಿ ದವಡೆಗೋ ತೋಳಿಗೋ ಹಬ್ಬಿದರೆ, ಅಸಹಜ ಏದುಸಿರು, ತಲೆಸುತ್ತು, ತಣ್ಣನೆಯ ಬೆವರು, ಎದೆ ಲಯತಪ್ಪಿ ಹೊಡೆದುಕೊಳ್ಳುವುದು ಕಂಡರೆ ಅಲ್ಲಿಯೇ ಕುಳಿತುಕೊಳ್ಳಿ. ವೈದ್ಯರು ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಕೊಟ್ಟಿದ್ದರೆ ಬಳಸಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ತುರ್ತು ಸೇವೆಗೆ ಕರೆ ಮಾಡಿ. ಸ್ವತಃ ವಾಹನ ಓಡಿಸಿಕೊಂಡು ಹೋಗಬೇಡಿ.

ಸೇರುವ ಮುನ್ನ ಕೇಳಬೇಕಾದದ್ದು ಬಹಳವಿಲ್ಲ. ಆರಂಭದಲ್ಲಿ ಯಾವ ಪರೀಕ್ಷೆ ಮಾಡುತ್ತೀರಿ, ನನ್ನ ನಾಡಿಯ ಗುರಿಯನ್ನು ಯಾವುದರ ಆಧಾರದಲ್ಲಿ ನಿಗದಿ ಮಾಡುತ್ತೀರಿ, ಒಂದು ವಾರ ತಪ್ಪಿಸಿಕೊಂಡರೆ ಯಾರು ಫೋನ್ ಮಾಡುತ್ತಾರೆ, ಹನ್ನೆರಡು ವಾರ ಮುಗಿದ ಮೇಲೆ ನನ್ನನ್ನು ಯಾರಿಗೆ ಒಪ್ಪಿಸುತ್ತೀರಿ? ಮೂರನೆಯ ಪ್ರಶ್ನೆಗೆ ತಡವರಿಸುವ ಕಡೆ ಸೇರುವ ಮುನ್ನ ಇನ್ನೊಮ್ಮೆ ಯೋಚಿಸಿ. ಕಾರ್ಯಕ್ರಮದ ಕೊನೆಯ ದಿನ ಅದೇ ಮೊಗಸಾಲೆಯಲ್ಲಿ, ಅದೇ ಶಂಕುಗಳ ನಡುವೆ ಆರು ನಿಮಿಷಗಳ ನಡಿಗೆಯನ್ನು ಮತ್ತೆ ಮಾಡಿಸಲು ಹೇಳಿ, ಜೋಪಾನವಾಗಿಟ್ಟ ಮೊದಲ ಕಾಗದವನ್ನು ಜೊತೆಯಲ್ಲಿ ಒಯ್ಯಿರಿ.